ತಣ್ಣೊಲೆ ಗುಡ್ಡದ ಬೋರಕ್ಕ

ನಮ್ಮ ಬಸರಿಹಳ್ಳದಿಂದ ಮೂಡಲಿಗೆ ನೋಡಿದರೆ ಮೊದಲು ಕಣ್ಣಿಗೆ ಬೀಳುವುದೇ ತಣ್ಣೊಲೆ ಗುಡ್ಡ. ನೆರಳು ಕೊಡುವ ಮರವಿಲ್ಲ, ಬೊಗಸೆ ನೀರಿಲ್ಲ. ತಲೆಯಿಂದ ಬುಡದವರೆಗೆ ಕಾರೆ, ಕವಳೆ, ಜಾಲಿಯ ಕುರುಚಲು, ನಡುನಡುವೆ ಕರಿಬಂಡೆ. ಈಚೆಗೆ ಅದರ ಸಾಲಿನ ಮೇಲೆ ಗಾಳಿಯಂತ್ರಗಳು ಎದ್ದಿವೆ. ಭಾನುವಾರ ಬಂತೆಂದರೆ ಪೇಟೆಯ ಹುಡುಗರು ಬೈಕಿನಲ್ಲಿ ಬಂದು ಆ ಯಂತ್ರಗಳ ಕೆಳಗೆ ನಿಂತು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಬುಡದಲ್ಲಿ ಯಾರೋ ಒಂದು ಬೋರ್ಡು ನೆಟ್ಟಿದ್ದಾರೆ. ಗುಡ್ಡದ ಮೇಲೆ ಸದಾ ತಣ್ಣನೆಯ ಗಾಳಿ ಬೀಸುವುದರಿಂದ ಈ ಹೆಸರು ಬಂತೆಂದು ಅದರಲ್ಲಿ ಬರೆದಿದೆ. ಬರೆದ ಮಹಾನುಭಾವರು ವೈಶಾಖದ ಮಧ್ಯಾಹ್ನ ಒಮ್ಮೆ ಬರಿಗಾಲಲ್ಲಿ ಹತ್ತಿದ್ದರೆ ಅಂಗಾಲೇ ಅವರಿಗೆ ಬುದ್ಧಿ ಹೇಳುತ್ತಿತ್ತು. ಗಾಳಿಗೂ ಒಲೆಗೂ ಏನು ಸಂಬಂಧ ಎಂದು ಕೇಳುವವರಾದರೂ ಯಾರು? ಈ ಹೆಸರಿನ ಹಿಂದಿರುವ ಸಂಗತಿಯನ್ನು ನಾನು ಕೇಳಿದ್ದು ಹಟ್ಟಿಯ ಮುದುಕಿಯರಿಂದ. ಅವರು ಹೇಳಿದಂತೆಯೇ ಹೇಳುತ್ತೇನೆ.

ಹಿಂದೆ ಒಮ್ಮೆ, ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಈ ಸೀಮೆಯೆಲ್ಲ ಅರೆಗಲ್ಲು ದುರ್ಗದ ಹಾಲಪ್ಪನಾಯಕನ ಕೈಯಲ್ಲಿತ್ತು ಎನ್ನುತ್ತಾರೆ. ಪಡುವಲ ಗುಡ್ಡಗಳಲ್ಲಿ ದನ ಕುರಿ ಕಾಯುವ, ಬೇಟೆಯಾಡುವ ಜನರ ಆರು ಹಟ್ಟಿಗಳಿದ್ದವು. ನಾಯಕ ಹುಲ್ಲುಗಾವಲಿಗೆ ಸುಂಕ ಹಾಕಿದ, ಅವರು ಸಹಿಸಿದರು. ತನ್ನ ಕಾಳಗಗಳಿಗೆ ಮನೆಗೊಬ್ಬ ಗಂಡಸನ್ನು ಎಳೆದುಕೊಂಡು ಹೋದ, ಅದನ್ನೂ ಸಹಿಸಿದರು. ಹೋದವರು ತಿರುಗಿ ಬಾರದೆ ಹಟ್ಟಿಗಳಲ್ಲಿ ಗಂಡು ದನಿಯೇ ಕ್ಷೀಣಿಸುತ್ತ ಬಂದಾಗ, ಕಾಟಯ್ಯ ಎಂಬಾತ ಆರು ಹಟ್ಟಿಗಳನ್ನು ಒಟ್ಟುಗೂಡಿಸಿ, ಹಳ್ಳದಿಂದಾಚೆಗೆ ನಾಯಕನ ಆಜ್ಞೆ ನಡೆಯದು, ನಾವೇ ಬೇರೆ, ನಮ್ಮ ಸೀಮೆಯೇ ಬೇರೆ ಎಂದು ಡಂಗುರ ಹೊಡೆಸಿದ. ಅಲ್ಲಿಂದ ವರ್ಷಗಟ್ಟಲೆ ಕೊಂದಿದ್ದೇ ಕೊಂದಿದ್ದು. ಇವರು ಅವರ ಕಣ ಸುಟ್ಟರು, ಅವರು ಇವರ ಹಟ್ಟಿ ಸುಟ್ಟರು. ನಮ್ಮೂರಿನಂಥ ನಡುವಿನ ಹಳ್ಳಿಗಳು ಇಬ್ಬರಿಗೂ ಕಾಳು ಕೊಟ್ಟು ಇಬ್ಬರಿಂದಲೂ ಒದೆ ತಿಂದವು. ಕೋಣಗಳೆರಡರ ಜಗಳದಲ್ಲಿ ಗಿಡಕ್ಕೆ ಮಿತ್ತು ಎಂಬ ಮಾತನ್ನು ನಮ್ಮೂರಲ್ಲಿ ಇಂದಿಗೂ ಯಾರೂ ನಗುತ್ತ ಆಡುವುದಿಲ್ಲ.

ಕೊನೆಗೆ ಇಬ್ಬರೂ ಸೋತರು. ಮರುಳಯ್ಯ ಎಂಬ ಜಂಗಮಸ್ವಾಮಿ ನಡುವೆ ನಿಂತು ಹಳ್ಳದ ಹುಣಸೆಮರದಡಿ ಮಾತುಕತೆಗೆ ಇಬ್ಬರನ್ನೂ ಒಪ್ಪಿಸಿದರು. ನಾಯಕನ ಪಾಳೆಯ ಮೂಡಣದ ಈ ಗುಡ್ಡದ ಮೇಲೆ, ಕಾಟಯ್ಯನ ಜನ ಎದುರಿನ ಜಾಲಿಗುಡ್ಡದ ಮೇಲೆ. ನಂಬಿಕೆ ಎಂಬುದು ಎರಡು ಕಡೆಯೂ ಸಾಸಿವೆಯಷ್ಟೂ ಉಳಿದಿರಲಿಲ್ಲವಾದ್ದರಿಂದ ಒತ್ತೆ ಇಡುವ ಕಟ್ಟಳೆಯಾಯಿತು. ನಾಯಕ ತನ್ನ ಒಡಹುಟ್ಟಿದ ತಮ್ಮ ಕೆಂಚಪ್ಪನಾಯಕನನ್ನು ಜಾಲಿಗುಡ್ಡಕ್ಕೆ ಕಳಿಸಬೇಕು. ಕಾಟಯ್ಯ ತನ್ನ ಅಕ್ಕ ಬೋರಕ್ಕನನ್ನು ಪಾಳೆಯಕ್ಕೆ ಕಳಿಸಬೇಕು. ತಾಯಿ ಸತ್ತ ಮೇಲೆ ಕಾಟಯ್ಯನನ್ನು ಸಾಕಿದವಳು ಈ ಬೋರಕ್ಕ. ತಾನು ಮದುವೆಯಾಗದೆ ಅವನನ್ನು ಗಂಡಸಾಗಿ ಮಾಡಿದವಳು. ಅವಳನ್ನು ಬಿಟ್ಟು ಅವನಿಗೆ ಬೇರೆ ದೇವರಿರಲಿಲ್ಲ. ಒತ್ತೆಯವರು ಬದುಕಿದ್ದಾರೆಂಬುದಕ್ಕೆ ಗುರುತೇನು? ಅಷ್ಟು ದೂರಕ್ಕೆ ಆಳು ಕಾಣದು, ಹೊಗೆ ಕಾಣುತ್ತದೆ. ಆದ್ದರಿಂದ ಒತ್ತೆಯವರು ಮೂರು ಕಲ್ಲು ಹೂಡಿ ಬೆಳಿಗ್ಗೆಯೂ ಸಂಜೆಯೂ ತಮ್ಮ ಗಂಜಿಯನ್ನು ತಾವೇ ಕಾಯಿಸಿಕೊಳ್ಳಬೇಕು. ಒಂದು ಹೊತ್ತು ಹೊಗೆ ತಪ್ಪಿದರೂ ಒತ್ತೆಯನ್ನು ಕೊಂದರೆಂದೇ ಲೆಕ್ಕ. ಸ್ವಾಮಿಯೊಬ್ಬರ ಹೊರತು ಬೇರೆ ಯಾರು ಹಳ್ಳ ದಾಟಿದರೂ ಬಾಣ ಬಿಡಬಹುದು. ಹೀಗೆ ಭಾಷೆಯಾಯಿತು.

ಮಾತುಕತೆ ಬೇಗ ಮುಗಿದೀತೆಂದು ಎಲ್ಲರೂ ಎಣಿಸಿದ್ದರು. ಮುಗಿಯಲಿಲ್ಲ. ಸುಂಕ ಬಿಡಲು ನಾಯಕ ಒಪ್ಪಿದ, ಆಳು ಎಳೆಯುವುದಿಲ್ಲವೆಂದೂ ಒಪ್ಪಿದ. ಹಟ್ಟಿಗಳ ನಡುವೆ ತನ್ನ ಧ್ವಜ ನಿಲ್ಲಬೇಕೆಂದು ಮಾತ್ರ ಹಟ ಹಿಡಿದ. ಒಂದು ಕೋಲು, ಒಂದು ಗೇಣು ಬಟ್ಟೆ, ಅದಕ್ಕಾಗಿ ದಿನಗಳು ಉರುಳಿದವು. ಕಡೆಗೆ ಧ್ವಜ ಹಟ್ಟಿಯೊಳಗೆ ಬೇಡ, ಹಳ್ಳದ ದಡದಲ್ಲಿರಲಿ ಎಂದು ಸ್ವಾಮಿ ಹೇಳಿದ ಮಾತಿಗೆ ಇಬ್ಬರೂ ತಲೆಯಾಡಿಸಿದರು. ಇನ್ನು ವೀಳ್ಯ ಬದಲಾಯಿಸುವುದೊಂದೇ ಬಾಕಿ. ಆದರೆ ಮಾರನೆಯ ದಿನ ಅಮಾವಾಸ್ಯೆ. ಅಮಾವಾಸ್ಯೆಯಂದು ಶುಭಕಾರ್ಯ ಬೇಡ, ಪಾಡ್ಯದ ಬೆಳಿಗ್ಗೆ ಬರುತ್ತೇನೆ ಎಂದು ಸ್ವಾಮಿ ಪೂಜೆಗೆಂದು ತಮ್ಮ ಮಠಕ್ಕೆ ಹೊರಟುಹೋದರು. ಅವರ ಕಟ್ಟು ಅವರಿಗೆ. ಒಳ್ಳೆಯವರೇ, ಆದರೂ ಆ ಒಂದು ದಿನವನ್ನು ನೆನೆದರೆ ನನಗೆ ಅವರ ಮೇಲೆ ಸಿಟ್ಟು ಬರುತ್ತದೆ.

ಏಕೆಂದರೆ ಅದು ಬರೀ ಅಮಾವಾಸ್ಯೆಯಾಗಿರಲಿಲ್ಲ. ಹಟ್ಟಿಯವರಿಗೆ ಅದು ಹಿರೇರ ಅಮಾಸೆ. ಆ ದಿನ ಸತ್ತ ಹಿರಿಯರೆಲ್ಲ ತಮ್ಮ ತಮ್ಮ ಮನೆಗೆ ಬಂದು ಒಲೆಯ ತಣ್ಣನೆಯ ಬೂದಿಯ ಮೇಲೆ ಮಲಗಿ ದಣಿವಾರಿಸಿಕೊಳ್ಳುತ್ತಾರೆಂದು ಅವರ ನಂಬಿಕೆ. ಬೆಂಕಿ ಹಚ್ಚಿದರೆ ಹಿರಿಯರನ್ನು ಸುಟ್ಟಂತೆ. ಎಲ್ಲರೂ ಹಿಂದಿನ ದಿನದ ರೊಟ್ಟಿ ಮೊಸರು ತಿಂದು ಸುಮ್ಮನಿರುತ್ತಾರೆ. ಆ ದಿನ ಹಟ್ಟಿಯಲ್ಲಿ ಬೆಂಕಿ ಕಂಡಿತೆಂದರೆ ಅದು ಹೆಣದ ತಲೆದೆಸೆಗೆ ಹಚ್ಚಿದ ಬೆಂಕಿಯೇ. ಹೊಗೆಯ ಕಟ್ಟಳೆ ಮಾಡುವಾಗ ಈ ದಿನದ ಮಾತನ್ನು ಯಾರೂ ಎತ್ತಿರಲಿಲ್ಲ. ಹಟ್ಟಿಯವರಿಗೆ ಅದು ಹೇಳುವಂಥ ಸಂಗತಿ ಎನಿಸಲಿಲ್ಲ, ದುರ್ಗದವರಿಗೆ ಗೊತ್ತೇ ಇರಲಿಲ್ಲ.

ಅಮಾವಾಸ್ಯೆಯ ಬೆಳಿಗ್ಗೆ ಬೋರಕ್ಕ ತನ್ನ ಮೂರು ಕಲ್ಲಿನ ಮುಂದೆ ಕೂತು ಬಹಳ ಹೊತ್ತು ಯೋಚಿಸಿದಳಂತೆ. ಆಮೇಲೆ ದಳವಾಯಿಯ ಬಳಿಗೆ ಹೋಗಿ, ಇವತ್ತು ನಮ್ಮಲ್ಲಿ ಒಲೆ ಹಚ್ಚುವುದಿಲ್ಲ, ನಾನು ಬದುಕಿದ್ದೇನೆಂದು ನನ್ನ ತಮ್ಮನಿಗೆ ಒಬ್ಬ ಆಳಿನ ಕೈಲಿ ಹೇಳಿಕಳಿಸು ಎಂದು ಬೇಡಿದಳು. ಹಳ್ಳ ದಾಟಿದವನಿಗೆ ಬಾಣ ಬೀಳುತ್ತದೆ, ನನ್ನ ಆಳನ್ನು ಸಾಯಲು ಕಳಿಸಲೇ ಎಂದು ದಳವಾಯಿ ಕೇಳಿದ. ಅವನು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೋರಕ್ಕ ಹಿಂದಿರುಗಿ ಬಂದು ಪುಳ್ಳೆ ಒಟ್ಟತೊಡಗಿದಳು. ಅವಳ ಕಾವಲಿಗಿದ್ದ ಹನುಮ ಎಂಬ ಮುದಿ ಬಂಟನಿಗೆ ಇಷ್ಟು ದಿನದಲ್ಲಿ ಅವಳ ಮೇಲೆ ಅಕ್ಕರೆ ಬೆಳೆದಿತ್ತು.

"ಬ್ಯಾಡ ಕಣವ್ವ, ನಿಮ್ಮ ಹಿರೇರು ಮುನಿದಾರು" ಎಂದನವನು.

"ಮುನೀಲಿ ಬಿಡಪ್ಪ. ದಿನ ಗೊತ್ತಿದ್ರೂ ಹೊಗೆ ಕಾಣ್ದಿದ್ರೆ ನನ್ನ ತಮ್ಮ ಸುಮ್ಕಿರಾಕಿಲ್ಲ, ನನ್ನ ಮ್ಯಾಲೆ ಅಷ್ಟು ಜೀವ ಅವನಿಗೆ. ಆ ಕೆಂಚಪ್ಪನಾಯಕ್ರನ್ನ ಕಡಿದೇಬಿಡ್ತಾನೆ. ಇವತ್ತೊಂದಿನ ಕಳುದ್ರೆ ಎಷ್ಟು ಮನೆ ಮಕ್ಳು ಉಳೀತಾವೆ! ಸತ್ತೋರು ಸುಟ್ಕಂಡ್ರೆ ನಾನು ಕಾಲಿಗೆ ಬಿದ್ದು ಕೇಳ್ಕಂತೀನಿ. ಇದ್ದೋರು ಸತ್ರೆ ಯಾರ ಕಾಲಿಗೆ ಬೀಳ್ಲಿ?"

ಹೀಗೆಂದು ಅವಳು ಕಿಡಿ ಹಚ್ಚಿದಳು. ಹಚ್ಚುವಾಗ ಅಳುತ್ತಿದ್ದಳೆಂದು ಹನುಮ ಸಾಯುವವರೆಗೂ ಹೇಳುತ್ತಿದ್ದನಂತೆ.

ಇತ್ತ ಜಾಲಿಗುಡ್ಡದಲ್ಲಿ ಕಾಟಯ್ಯ ನಸುಕಿನಲ್ಲೇ ಎದ್ದು, ಇವತ್ತು ಆ ಗುಡ್ಡದಲ್ಲಿ ಹೊಗೆ ಏಳುವುದಿಲ್ಲ, ಯಾರೂ ಗಾಬರಿಯಾಗಬೇಡಿ, ಅಕ್ಕ ಕಟ್ಟು ಮುರಿಯುವವಳಲ್ಲ ಎಂದು ಮನೆಮನೆಗೂ ಸಾರಿ ಬಂದಿದ್ದ. ಕೆಂಚಪ್ಪನಾಯಕ ನಮ್ಮವನಲ್ಲ, ಅವನಿಗೆ ಈ ಕಟ್ಟಿಲ್ಲ ಎಂದು ಹಟ್ಟಿಯ ಹೊರಗೆ ಅವನು ಒಲೆ ಹೂಡಲು ಬಿಟ್ಟಿದ್ದ. ಹೊಗೆ ಬಾರದಿದ್ದರೆ ಏನೂ ಆಗುತ್ತಿರಲಿಲ್ಲ. ಬಿಸಿಲು ಏರುವ ಹೊತ್ತಿಗೆ ಎದುರು ಗುಡ್ಡದ ನೆತ್ತಿಯಿಂದ ಹೊಗೆ ನೆಟ್ಟಗೆ ಎದ್ದಿತು. ಹಟ್ಟಿಯವರೆಲ್ಲ ಹೊರಗೆ ಬಂದು ಅತ್ತ ನೋಡಿದರು.

"ನಿನ್ನಕ್ಕ ಕ್ಷೇಮವಾಗಿದ್ದಾಳೆ, ಭಾಷೆಗೆ ತಪ್ಪದೆ ಒಲೆ ಹಚ್ಚಿದ್ದಾಳೆ, ಅಷ್ಟೆ" ಎಂದ ಕೆಂಚಪ್ಪನಾಯಕ.

"ನನ್ನಕ್ಕನ್ನ ನೀನು ಕಂಡಿಲ್ಲ ನಾಯ್ಕ. ಪ್ರಾಣ ಹೋದ್ರೂ ಅವಳು ಇವತ್ತು ಒಲೆ ಹಚ್ಚಾಕಿಲ್ಲ. ಅವಳ್ನ ಕೊಂದು ನಿಮ್ಮೋರೇ ಹಚ್ಚವ್ರೆ, ನಮ್ಮ ಕಣ್ಣಿಗೆ ಮಣ್ಣೆರಚಾಕೆ. ಇವತ್ತು ಯಾವ ದಿನ ಅಂತ ಅವರಿಗೆ ಗೊತ್ತಿಲ್ಲ" ಎಂದ ಕಾಟಯ್ಯ.

ಸಂಜೆಯವರೆಗಾದರೂ ತಾಳು ಎಂದು ಹಿರಿಯರು ಕೈಮುಗಿದರು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ? ಅವನು ತಾಳಲಿಲ್ಲ. ಕೆಂಚಪ್ಪನಾಯಕನನ್ನು ಅವನ ಒಲೆಯ ಪಕ್ಕದಲ್ಲೇ ಕಡಿದ.

ಆ ಸಂಜೆ ಬೋರಕ್ಕ ಎರಡನೆಯ ಸಲ ಒಲೆ ಹಚ್ಚಿ ಜಾಲಿಗುಡ್ಡದತ್ತ ತಿರುಗಿದಳು. ಅಲ್ಲಿ ಹೊಗೆ ಇರಲಿಲ್ಲ. ಹೊತ್ತು ಮುಳುಗುವವರೆಗೂ ಕಾದಳು, ಪಾಳೆಯವೆಲ್ಲ ಅವಳ ಬೆನ್ನ ಹಿಂದೆ ನಿಂತು ಕಾದಿತು. ನಾಯಕನೇ ಕತ್ತಿ ಹಿರಿದು ಬಂದಾಗ ಅವಳಿಗೆ ಎಲ್ಲ ತಿಳಿದಿತ್ತು. "ನಾನು ಹಚ್ಚಬಾರದಿತ್ತು ದೊರೆ" ಎಂದಷ್ಟೇ ಅಂದಳು. ಒಲೆಯ ಮೇಲೆ ಗಂಜಿ ಇನ್ನೂ ಕುದಿಯುತ್ತಿತ್ತು ಎನ್ನುತ್ತಾರೆ.

ಪಾಡ್ಯದ ಬೆಳಿಗ್ಗೆ ಸ್ವಾಮಿಗಳು ವೀಳ್ಯದ ತಟ್ಟೆ ಹಿಡಿದುಕೊಂಡು ಬಂದರು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗಿತ್ತು. ಹನುಮನಿಂದ ನಡೆದದ್ದನ್ನೆಲ್ಲ ಕೇಳಿ ತಿಳಿದು, ಜಾಲಿಗುಡ್ಡಕ್ಕೆ ಹತ್ತಿ, ನಿನ್ನ ಅಕ್ಕನೇ ತನ್ನ ಕೈಯಾರೆ ಒಲೆ ಹಚ್ಚಿದ್ದಳು, ನೀನು ಕೆಂಚಪ್ಪನಾಯಕನನ್ನು ಕೊಲ್ಲಬಾರದೆಂದು ಹಚ್ಚಿದ್ದಳು ಎಂದು ಕಾಟಯ್ಯನಿಗೆ ಹೇಳಿದರು. ಆಮೇಲಿನ ಕಾಳಗದಲ್ಲಿ ಆರು ಹಟ್ಟಿಗಳೂ ಬೂದಿಯಾದವು, ನಾಯಕನ ದಂಡಿನಲ್ಲಿ ಅರ್ಧಕ್ಕರ್ಧ ಜನ ಹಿಂದಿರುಗಲಿಲ್ಲ. ಕಾಟಯ್ಯ ಕಾದಾಡಿ ಸತ್ತ ಎನ್ನುತ್ತಾರೆ ದುರ್ಗದ ಕಡೆಯವರು. ಗುರಾಣಿ ಬಿಸುಟು ಬೇಕೆಂದೇ ಸತ್ತ ಎನ್ನುತ್ತಾರೆ ಹಟ್ಟಿಯವರು.

ಉಳಿದವರು ಮತ್ತೆ ಹಟ್ಟಿ ಕಟ್ಟಿಕೊಂಡಾಗ ಬೋರಕ್ಕನ ಮಾತು ಬಂತು. ಹಿರೇರ ಅಮಾಸೆಯಂದು ಬೆಂಕಿ ಹಚ್ಚಿದವಳಿಗೆ ಹಿರಿಯರ ಸಾಲಿನಲ್ಲಿ ಜಾಗವಿಲ್ಲ, ಅವಳು ಯಾವ ಮನೆಯ ಒಲೆಗೂ ಬರುವಂತಿಲ್ಲ ಎಂದು ಗಂಡಸರು ಕಟ್ಟೆಯ ಮೇಲೆ ಕೂತು ತೀರ್ಮಾನ ಕೊಟ್ಟರು. ಹೆಂಗಸರು ತಮ್ಮ ಪಾಡಿಗೆ ತಾವು ಈ ಗುಡ್ಡ ಹತ್ತಿ, ಅವಳ ಮೂರು ಕಲ್ಲಿನ ಸುತ್ತ ಗುಡಿಸಿ ಬಂದರು.

ಇಂದಿಗೂ ಗಾಳಿಯಂತ್ರಗಳ ಸಾಲು ದಾಟಿ ತುಸು ಮುಂದೆ ನಡೆದರೆ ಬಂಡೆಯ ಮೇಲೆ ಆ ಮೂರು ಕಲ್ಲುಗಳು ಕಾಣುತ್ತವೆ. ನಡುವೆ ಮೆತ್ತಗೆ ಜರಡಿ ಹಿಡಿದ ಬೂದಿ ಇರುತ್ತದೆ. ಹಟ್ಟಿಯ ಹೆಂಗಸರು ತಮ್ಮ ಒಲೆಗಳಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದು, ಆರಿದೆಯೇ ಎಂದು ಅಂಗೈಯಿಂದ ಮುಟ್ಟಿ ನೋಡಿ, ಹರವಿ ಹೋಗುವ ಬೂದಿ ಅದು. ಮಳೆಗೆ ತೊಳೆದುಹೋದರೆ ಮತ್ತೆ ತರುತ್ತಾರೆ. ಚಹಾ ಕಾಯಿಸಿಕೊಳ್ಳಲು ಅಲ್ಲಿ ಕಡ್ಡಿ ಗೀರಿದವರನ್ನು ಅವರು ಅಟ್ಟಿಸಿಕೊಂಡು ಹೋದದ್ದನ್ನು ನಾನೇ ಕಂಡಿದ್ದೇನೆ. ಉಳಿದ ಹಿರಿಯರಿಗೆ ವರ್ಷಕ್ಕೊಂದು ದಿನ ಒಲೆಗಳು ತಣ್ಣಗಿರುತ್ತವೆ. ಬೋರಕ್ಕನಿಗೆ ಆ ದಿನ ಯಾವ ಮನೆಯಲ್ಲೂ ಜಾಗವಿಲ್ಲವಲ್ಲ, ಅದಕ್ಕೇ ಈ ಒಂದು ಒಲೆ ವರ್ಷವಿಡೀ ತಣ್ಣಗಿರುತ್ತದೆ. ಅವಳು ಯಾವ ದಿನ ಬಂದರೂ ಮಲಗಲಿ ಎಂದು.