ಆಟದ ಕಾರಿಗೆ ಬಿದ್ದ ಪೆಟ್ಟು

"ಉಸ್ತಾದ್, ಕಣ್ಣಿಗೆ ಕಾಣದ ಪೆಟ್ಟನ್ನು ಬಾಯಿಬಿಟ್ಟು ಹೇಳಲೇಬೇಕೇ?"

ಹೀಗೆ ಕೇಳಿದವನು ತಿಪ್ಪೇಸ್ವಾಮಿ. ಹಿರಿಯೂರಿನ ಹೆದ್ದಾರಿ ಬದಿಯಲ್ಲಿ ಅವನದೊಂದು ಟಿಂಕರಿಂಗ್ ಶೆಡ್ಡು. ಅಪಘಾತದಲ್ಲಿ ನಜ್ಜುಗುಜ್ಜಾದ ಕಾರುಗಳ ತಗಡನ್ನು ಬಡಿದು ನೆಟ್ಟಗೆ ಮಾಡುವುದು ಅವನ ಕಸುಬು. ಅದನ್ನು ಕಲಿಸಿದ ಗುರು ಮೆಹಬೂಬ್ ಸಾಬರು. ಕೈ ನಡುಗಲು ಶುರುವಾದ ಮೇಲೆ ಅವರು ಸುತ್ತಿಗೆ ಕೆಳಗಿಟ್ಟು ಮನೆಯ ಜಗಲಿ ಹಿಡಿದಿದ್ದರು. ಊಟದ ಹೊತ್ತಿಗೆ ಶಿಷ್ಯ ಬೆವರು ಸುರಿಸುತ್ತಾ ಬಂದು ನಿಂತದ್ದನ್ನು ನೋಡಿದರು. ಇವನು ಊಟಕ್ಕೆ ಬಂದವನಲ್ಲ ಎಂದು ಆಗಲೇ ತಿಳಿಯಿತು.

"ಯಾವ ಗಾಡಿ?" ಎಂದರು.

"ದಲ್ಲಾಳಿ ಪರಮೇಶಣ್ಣ ತಂದ ಬಿಳೀ ಗಾಡಿ. ಹೊರಗೆಲ್ಲ ಕನ್ನಡಿ ಮಾಡಿಟ್ಟಿದ್ದೀನಿ ಉಸ್ತಾದ್, ನೀವೇ ಕೈಯಾಡಿಸಿದರೂ ಪೆಟ್ಟು ಸಿಗಲ್ಲ. ಆದರೆ ಒಳಗೆ ಮುಂದಿನ ಷಾಸಿ ಚೌಕಟ್ಟು ಸೊಟ್ಟಗಾಗಿ ಬಿರುಕು ಬಿಟ್ಟಿತ್ತು. ವೆಲ್ಡಿಂಗ್ ಹೊಡೆದು ಮುಚ್ಚಿದ್ದೀನಿ. ಎಂಬತ್ತು ದಾಟಿದರೆ ಎಡಕ್ಕೆ ಎಳೀತದೆ. ನಾಲ್ಕು ಗಂಟೆಗೆ ಕೊಳ್ಳುವವರು ಬರ್ತಾರೆ. ಆಕ್ಸಿಡೆಂಟ್ ಆಗಿಲ್ಲ ಅಂತ ನಾನು ಹೇಳಬೇಕಂತೆ. ಹೇಳದಿದ್ದರೆ ನಾಳೆಯಿಂದ ಅವರ ಗಾಡಿಗಳೆಲ್ಲ ಬೇರೆ ಶೆಡ್ಡಿಗೆ ಹೋಗ್ತವಂತೆ. ನನಗಿರೋ ಕೆಲಸದಲ್ಲಿ ಮುಕ್ಕಾಲು ಪಾಲು ಅವರದ್ದೇ."

"ಕೂತ್ಕೋ. ಒಂದು ಕತೆ ಹೇಳ್ತೀನಿ."

ತಿಪ್ಪೇಸ್ವಾಮಿ ಮೊಬೈಲ್ ತೆಗೆದು ನೋಡಿದ. ಎರಡೂವರೆ. ಕತೆ ಕೇಳುವ ಹೊತ್ತೇ ಇದು ಎಂದುಕೊಂಡ. ಆದರೂ ಕೂತ, ಜಗಲಿಯ ಅಂಚಿಗೆ, ಈಗಲೋ ಆಗಲೋ ಏಳುವವನ ಹಾಗೆ.

ಸಾಬರು ಹೇಳಿದ ಕತೆ ಇದು.

ಒಬ್ಬ ಆಟ ಕಟ್ಟುವವನಿದ್ದ. ಟಿವಿ ಪರದೆಯ ಮೇಲೆ ಆಡುವ ಕಾರ್ ರೇಸಿನ ಆಟ. ಬೇರೆಯವರ ಆಟಗಳಲ್ಲಿ ಕಾರು ಗೋಡೆಗೆ ಗುದ್ದಿದರೂ ಬಣ್ಣ ಕೂಡ ಹೋಗುತ್ತಿರಲಿಲ್ಲ. ಅವನಿಗೆ ಅದು ನಾಚಿಕೆಗೇಡು ಅನ್ನಿಸಿತು. ನನ್ನ ಆಟದಲ್ಲಿ ಪೆಟ್ಟು ಪೆಟ್ಟಿನ ಹಾಗೇ ಇರಬೇಕು ಎಂದು ಹಟ ಹಿಡಿದ. ಗುಜರಿಯಿಂದ ಹಳೇ ಕಾರುಗಳನ್ನು ತರಿಸಿ ಗೋಡೆಗೆ ಗುದ್ದಿಸಿದ. ಬಾನೆಟ್ಟು ಎಲ್ಲಿ ಮಡಿಸಿಕೊಳ್ಳುತ್ತದೆ, ಗಾಜು ಯಾವ ಮೂಲೆಯಿಂದ ಸೀಳುತ್ತದೆ, ಎಲ್ಲವನ್ನೂ ಬರೆದುಕೊಂಡ. ಅಷ್ಟಕ್ಕೂ ಸಮಾಧಾನವಾಗದೆ ಒಬ್ಬ ಮುದಿ ಟಿಂಕರನ ಹತ್ತಿರ ಹೋಗಿ ಕೂತ. ಟಿಂಕರ ಹೇಳಿದ: ಮೇಲಿನ ತಗಡು ನೋಡಬೇಡಪ್ಪಾ, ಅದು ಬರೀ ಮುಖ. ಪೆಟ್ಟು ಒಳಗೆ ಎಲ್ಲಿಯವರೆಗೆ ನಡೆದುಹೋಗಿದೆ ನೋಡು. ಬಂಪರಿಗೆ ಬಿದ್ದದ್ದು ಚಕ್ರದಲ್ಲಿ ಕೂತಿರುತ್ತದೆ.

ಆಟ ಸಿದ್ಧವಾಯಿತು. ಮೊದಲನೇ ಸುತ್ತಿನಲ್ಲಿ ಕಾರು ಗೋಡೆಗೆ ಚೂರು ತಗುಲಿದರೆ ಸಾಕು, ಎರಡನೇ ಸುತ್ತಿಗೆ ಸ್ಟೇರಿಂಗ್ ಎಳೆಯುತ್ತಿತ್ತು, ಮೂರನೆಯದಕ್ಕೆ ಚಕ್ರವೇ ಕಳಚುತ್ತಿತ್ತು. ಆಡುವವರು ರೇಗಿದರು. "ಇಷ್ಟು ನಿಜ ಬೇಕಿದ್ದರೆ ನಾನು ರಸ್ತೆಗೇ ಹೋಗ್ತಿದ್ದೆ ಸ್ವಾಮಿ, ಅಲ್ಲಿ ಪೊಲೀಸಿನವರೂ ಇರ್ತಾರೆ" ಎಂದ ಒಬ್ಬ.

ಆಟ ಮಾರುವ ವ್ಯಾಪಾರಿ ಓಡಿಬಂದ. "ಪೆಟ್ಟು ನೋಡುವುದಕ್ಕೆ ಇರಲಿ, ಓಡುವುದಕ್ಕೆ ಬೇಡ" ಎಂದ.

ಆಟ ಕಟ್ಟುವವನು ತಗಡಿಗೂ ಚಕ್ರಕ್ಕೂ ಇದ್ದ ನಂಟನ್ನು ಕಡಿದುಹಾಕಿದ. ಈಗ ಬಾನೆಟ್ಟು ಮುದುಡುತ್ತಿತ್ತು, ಗಾಜು ಚೂರಾಗುತ್ತಿತ್ತು, ಬಂಪರು ನೆಲಕ್ಕೆ ಉಜ್ಜಿ ಕಿಡಿ ಹಾರಿಸುತ್ತಿತ್ತು. ಕಾರು ಮಾತ್ರ ಹೊಸದರ ಹಾಗೆ ಓಡುತ್ತಿತ್ತು. ಆಟ ಮನೆಮನೆಗೂ ಹೋಯಿತು. ಜನ ಏನು ಚುರುಕು ನೋಡು, ತಿರುವಿನಲ್ಲಿ ಬ್ರೇಕು ಹಾಕುವುದನ್ನೇ ಬಿಟ್ಟರು. ಕಾರನ್ನು ಗೋಡೆಗೆ ಒರಗಿಸಿ, ಉಜ್ಜಿಕೊಂಡೇ ತಿರುಗಿಸುವುದನ್ನು ಕಂಡುಕೊಂಡರು. ಬ್ರೇಕು ಹಾಕಿದವನಿಗಿಂತ ಗೋಡೆಗೆ ಒರಗಿದವನು ಮುಂದೆ ಹೋಗುತ್ತಿದ್ದ.

ಇದನ್ನು ನೋಡಿದ ದಿನದಿಂದ ಆಟ ಕಟ್ಟುವವನಿಗೆ ಅನ್ನ ಸೇರಲಿಲ್ಲ. ನಾನು ಜನರಿಗೆ ಸುಳ್ಳು ಗಾಯ ತೋರಿಸುತ್ತಿದ್ದೇನೆ, ಪೆಟ್ಟೆಂದರೆ ಬರೀ ಬಣ್ಣದ ಮಾತು ಎಂದು ಕಲಿಸುತ್ತಿದ್ದೇನೆ ಎಂದು ಒಳಗೊಳಗೇ ಬೆಂದ. ಕೊನೆಗೆ ಅದೇ ಮುದಿ ಟಿಂಕರನನ್ನು ಹುಡುಕಿಕೊಂಡು ಹೋಗಿ, "ಕಾಣುವ ಪೆಟ್ಟು ಒಂದು, ಓಡುವ ಗಾಡಿ ಇನ್ನೊಂದು. ಇದು ಮೋಸವಲ್ಲವೇ?" ಎಂದು ಕೇಳಿದ.

ಇಲ್ಲಿ ಸಾಬರು ಕತೆ ನಿಲ್ಲಿಸಿ ಎಲೆಯಡಿಕೆ ಡಬ್ಬಿಗೆ ಕೈ ಹಾಕಿದರು. ಎಲೆಯ ತೊಟ್ಟು ಮುರಿದರು, ಸುಣ್ಣ ಸವರಿದರು. ಅವರ ನಡುಗುವ ಬೆರಳಿಗೆ ಅದೆಲ್ಲ ನಿಧಾನ. ತಿಪ್ಪೇಸ್ವಾಮಿಯ ಕಿವಿ ಕತೆಯ ಮೇಲೆ, ಕಣ್ಣು ಮೊಬೈಲಿನ ಮೇಲೆ. ಮೂರಕ್ಕೆ ಹತ್ತು ನಿಮಿಷ. ಮೊಬೈಲು ಕೈಯಲ್ಲಿದ್ದಂತೆಯೇ ಒಮ್ಮೆ ಹೊಡೆದುಕೊಂಡಿತು. ಪರಮೇಶಣ್ಣ. ಎತ್ತಲಿಲ್ಲ.

"ಆಮೇಲೆ ಉಸ್ತಾದ್?"

ಟಿಂಕರ ಒಂದೇ ಮಾತು ಕೇಳಿದ: ನಿನ್ನ ಆಟದ ಕಾರಿನೊಳಗೆ ಕೂತಿರುವವರು ಯಾರು? "ಯಾರೂ ಇಲ್ಲ, ಹೆಲ್ಮೆಟ್ ಹಾಕಿದ ಒಂದು ಗೊಂಬೆ" ಎಂದ ಆಟ ಕಟ್ಟುವವನು. "ಹಾಗಾದರೆ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣು" ಎಂದ ಟಿಂಕರ. ಆಟ ಕಟ್ಟುವವನು ಹಾಗೇ ಮಾಡಿದ.

ತಿಪ್ಪೇಸ್ವಾಮಿಗೆ ಎದೆಯ ಮೇಲಿನ ಜಾಕಿ ಇಳಿಸಿದಂತಾಯಿತು. ಬೆಳಗಿನಿಂದ ಮೊದಲ ಸಲ ಬೆನ್ನನ್ನು ಕಂಬಕ್ಕೆ ಆನಿಸಿದ. ಅಷ್ಟು ದೊಡ್ಡ ಆಟ ಕಟ್ಟಿದವನಿಗೇ ಉಣ್ಣು ಅಂದಮೇಲೆ, ಒಂದು ಶೆಡ್ಡಿನವನು ಮಾಡಿದ ಒಂದು ವೆಲ್ಡಿಂಗಿನದೇನು ಮಹಾ ಎಂದುಕೊಂಡ. ಪರಮೇಶಣ್ಣನಿಗೆ ಫೋನು ಮಾಡಿ, ಬರ್ತಾ ಇದ್ದೀನಿ ಎಂದರಾಯಿತು.

"ಅಂದರೆ ಕೆಲಸದಲ್ಲಿ ಇದೆಲ್ಲ ಇದ್ದದ್ದೇ ಅಂತೀರಿ. ನಾನು ಸುಮ್ಮನೆ ಹೆದರಿಕೊಂಡು ನಿಮ್ಮ ಊಟ ಕೆಡಿಸಿದೆ" ಎನ್ನುತ್ತಾ ಎದ್ದು ಚಪ್ಪಲಿ ಮೆಟ್ಟಿದ.

ಸಾಬರು ಬೀಡಾ ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡು ಕೇಳಿದರು:

"ನಾಲ್ಕು ಗಂಟೆಗೆ ಬಂದು ಆ ಗಾಡಿಯೊಳಗೆ ಕೂರುವವರು ಎಷ್ಟು ಜನಪ್ಪಾ?"

ತಿಪ್ಪೇಸ್ವಾಮಿ ಮೆಟ್ಟಿದ ಚಪ್ಪಲಿಯನ್ನು ಕಳಚಿದ. ಮತ್ತೆ ಜಗಲಿಯ ಅಂಚಿಗೆ ಕೂತ.