ಜಗಳ ನಿಂತ ತೋಟ

ಶಿಷ್ಯ ಕೇಳಿದ, "ಗುರುಗಳೇ, ಜನರ ಜಗಳ ಬಿಡಿಸಿ ಬಿಡಿಸಿ ನನಗೆ ಸಾಕಾಗಿದೆ. ಒಬ್ಬರ ಗೊಡವೆಗೆ ಇನ್ನೊಬ್ಬರು ಹೋಗದ ಹಾಗೆ ಮಾಡಿಬಿಟ್ಟರೆ ಅದೇ ಶಾಂತಿಯಲ್ಲವೇ?"

ಅವನು ಒಂದು ಸಣ್ಣ ಊರಿನ ಚರ್ಚಿಗೆ ಹೊಸದಾಗಿ ಹೋಗಿದ್ದ ಬೋಧಕ. ಹೋಗುವಾಗ ಭಾನುವಾರದ ಆರಾಧನೆಯಲ್ಲಿ ಹೇಳಲು ವರ್ಷಕ್ಕಾಗುವಷ್ಟು ಪ್ರಸಂಗ ಸಿದ್ಧಮಾಡಿಕೊಂಡು ಹೋಗಿದ್ದ. ಹೋಗಿ ನೋಡಿದರೆ ಸಭೆಯವರಿಗೆ ಪ್ರಸಂಗಕ್ಕಿಂತ ಪಂಚಾಯಿತಿ ಬೇಕಾಗಿತ್ತು. ಹಾಡುವವರ ಸಾಲಿನಲ್ಲಿ ಮುಂದೆ ನಿಲ್ಲುವವರು ಯಾರು, ಹಬ್ಬದ ಊಟ ಮುಗಿಸಿ ಪಾತ್ರೆ ತೊಳೆಯದೆ ಜಾರಿಕೊಂಡವರು ಯಾರು, ಇವೇ ಅವರ ವ್ಯಾಜ್ಯ. ಬೇರೆ ಊರಿಗೆ ವರ್ಗ ಕೇಳಿಕೊಳ್ಳುವ ಯೋಚನೆಯಲ್ಲಿ ಅವನು ಗುರುಗಳನ್ನು ಕಾಣಲು ಬಂದಿದ್ದ. ಗುರುಗಳು ಅದೇ ಕೆಲಸವನ್ನು ಜೀವಮಾನವಿಡೀ ಮಾಡಿ ಮುಪ್ಪಾದವರು. ಅವರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಂದು ಚರ್ಚು. ಚರ್ಚಿನ ಹಿಂದೆ ಒಂದು ತೋಟ, ತೋಟದ ನಡುವೆ ಒಂದು ಸೇದುವ ಬಾವಿ. ತೋಟ ಯಾರೊಬ್ಬರದೂ ಅಲ್ಲ, ಆ ಚರ್ಚಿಗೆ ಸೇರಿದ ಇಡೀ ಸಭೆಯದು. ಒಂದೊಂದು ಪಾತಿಯನ್ನು ಒಂದೊಂದು ಮನೆಯವರು ನೋಡಿಕೊಳ್ಳುತ್ತಿದ್ದರು, ಬೆಳೆ ಮಾತ್ರ ಎಲ್ಲರದು. ಮೆಂತ್ಯ, ಬದನೆ, ಚವಳಿಕಾಯಿ, ಹೀರೇಕಾಯಿ, ಏನು ಬಂದರೂ ಶನಿವಾರ ಸಂಜೆ ಚರ್ಚಿನ ಜಗಲಿಯ ಮೇಲೆ ಸುರಿದು, ಮನೆಗೊಂದು ಗುಡ್ಡೆ ಮಾಡಿ ಹಂಚಿಕೊಳ್ಳುತ್ತಿದ್ದರು. ಕೇಳಲು ಬಹಳ ಚೆನ್ನಾಗಿದೆ. ಕೇಳುವವರು ಆ ಊರಿನವರಲ್ಲದಿದ್ದರೆ ಇನ್ನೂ ಚೆನ್ನಾಗಿರುತ್ತದೆ.

ಏಕೆಂದರೆ ಅಲ್ಲಿ ಕಾಯಿಪಲ್ಯಕ್ಕಿಂತ ಜಗಳ ಹುಲುಸಾಗಿ ಬೆಳೆಯುತ್ತಿತ್ತು. ಎಳೆ ಬದನೆಕಾಯಿ ಕಿತ್ತವರು ಯಾರು? ಕಳೆ ಕಿತ್ತು ಪಕ್ಕದ ಪಾತಿಗೆ ಎಸೆದವರು ಯಾರು? ಹುಳುಕು ಕಾಯಿಗಳೆಲ್ಲ ನಮ್ಮ ಗುಡ್ಡೆಗೇ ಹೇಗೆ ಬಂದವು? ಭಾನುವಾರ ಒಂದೇ ಪುಸ್ತಕ ಹಿಡಿದು ಒಂದೇ ಹಾಡು ಹಾಡಿದವರು ಸೋಮವಾರ ಬಾವಿಯ ಕಟ್ಟೆಯ ಮೇಲೆ ಒಬ್ಬರ ಅಜ್ಜನನ್ನು ಇನ್ನೊಬ್ಬರು ಎತ್ತಿ ಆಡುತ್ತಿದ್ದರು.

ಈ ಜಗಳಗಳೆಲ್ಲ ಕೊನೆಗೆ ಬಂದು ಸೇರುತ್ತಿದ್ದುದು ಎಲೀಶಪ್ಪನ ಬಾಗಿಲಿಗೆ. ಎಲೀಶಪ್ಪ ಕಸುಬಿನಲ್ಲಿ ದರ್ಜಿ, ಸಭೆಯಲ್ಲಿ ಹಿರಿಯ. ತೋಟದ ಉಸ್ತುವಾರಿ ಯಾರಿಗೂ ಬೇಡವಾದಾಗ ಸಭೆ ಅದನ್ನು ಅವನ ಹೆಗಲಿಗೆ ಹಾಕಿತ್ತು. ಬೇಡ ಎನ್ನಲು ಬಾರದವರಿಗೇ ಇಂಥ ಕೆಲಸ ಗಂಟುಬೀಳುವುದು. ಹೊಲಿಗೆ ಯಂತ್ರದ ಮುಂದೆ ಕೂತು ಇನ್ನೇನು ತುಳಿಯಬೇಕು, ಅಷ್ಟರಲ್ಲಿ ಯಾರೋ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನಿಲ್ಲುವರು. ಅವನು ಕತ್ತರಿ ಕೆಳಗಿಟ್ಟು ಕೇಳುವನು. ಒಬ್ಬರ ಪರವಾಗಿ ಹೇಳಿದರೆ ಇನ್ನೊಬ್ಬರಿಗೆ ಸಿಟ್ಟು, ಯಾರ ಪರವಾಗಿಯೂ ಹೇಳದಿದ್ದರೆ ಇಬ್ಬರಿಗೂ ಸಿಟ್ಟು. ಗಿರಾಕಿಗಳು ರವಿಕೆ ಆಯಿತೇ ಎಂದು ಕೇಳಿ ಕೇಳಿ ಬೇರೆ ದರ್ಜಿಯನ್ನು ಹುಡುಕಿಕೊಂಡರು. ಅವನು ಸಂಜೆ ಉಸ್ಸೆಂದು ಕೂತರೆ ಏಳುವ ಮನಸ್ಸಾಗುತ್ತಿರಲಿಲ್ಲ.

ಎಲ್ಲರಿಗಿಂತ ಮೊದಲು ಬರುವವಳು ತಬಿತಮ್ಮ. ಅವಳು ಹುಡುಗಿಯರ ಬೋರ್ಡಿಂಗಿನಲ್ಲಿ ಅಡುಗೆ ಮಾಡಿಕೊಂಡಿದ್ದವಳು. ಮದುವೆಯಾಗಲಿಲ್ಲ, ಮಕ್ಕಳಿಲ್ಲ. ಬೋರ್ಡಿಂಗ್ ಮುಚ್ಚಿದ ಮೇಲೆ ಅವಳಿಗೆ ಗದರಿಸಲು ಯಾರೂ ಉಳಿಯಲಿಲ್ಲ, ಆ ಕೊರತೆಯನ್ನು ತೋಟದಲ್ಲಿ ತುಂಬಿಕೊಂಡಳು. ಪಕ್ಕದ ಪಾತಿಯ ಲುದಿಯಮ್ಮನ ಜೊತೆ ಅವಳಿಗೆ ದಿನವೂ ಇದ್ದದ್ದೇ. ಎಲೀಶಪ್ಪ ಬೆಳಗಿನ ಚಹಾದ ಬಟ್ಟಲಿಗೆ ತುಟಿ ಹಚ್ಚುವ ಮೊದಲೇ ಅವಳ ದನಿ ಓಣಿಯ ಮೂಲೆಯಿಂದ ಕೇಳಿಸುತ್ತಿತ್ತು. ಆ ದನಿ ಕೇಳಿದರೆ ಅವನು ಬಟ್ಟಲನ್ನು ಹಾಗೇ ಕೆಳಗಿಡುತ್ತಿದ್ದ. ಒಂದು ದಿನ, ಒಂದೇ ಒಂದು ದಿನ ಇವಳು ಬರದಿದ್ದರೆ ಎಂದು ಅವನು ಬೇಡಿಕೊಂಡದ್ದುಂಟು.

ಒಂದು ಬೆಳಿಗ್ಗೆ ತಬಿತಮ್ಮ ಮತ್ತು ಲುದಿಯಮ್ಮ ಬಾವಿಯ ಕೊಡ ತನಗೆ ತನಗೆ ಎಂದು ಎಳೆದಾಡಿದಾಗ ಕೊಡ ಹಗ್ಗದ ಸಮೇತ ಬಾವಿಗೆ ಬಿತ್ತು. ಎಲೀಶಪ್ಪ ಕೊಕ್ಕೆಗಳ ಪಾತಾಳಗರಡಿ ಎರವಲು ತಂದು, ಬಾವಿಗೆ ಇಳಿಬಿಟ್ಟು, ಬಿಸಿಲಿನಲ್ಲಿ ನಿಂತು ತಡಕಾಡಿದ. ಇಬ್ಬರು ಹೆಂಗಸರೂ ಎರಡು ಕಡೆ ನಿಂತು ಅವನಿಗೆ ಬುದ್ಧಿ ಹೇಳಿದರು. ಒಬ್ಬಳು ಎಡಕ್ಕೆ ಎಂದಳು, ಇನ್ನೊಬ್ಬಳು ಬಲಕ್ಕೆ ಎಂದಳು. ಮಧ್ಯಾಹ್ನದ ಹೊತ್ತಿಗೆ ಕೊಡ ಮೇಲೆ ಬಂತು. ಎಲೀಶಪ್ಪ ಮಾತ್ರ ಜಗಳ ಬಿಡಿಸುವ ಕೆಲಸವನ್ನು ಆಗಲೇ ಮನಸ್ಸಿನಲ್ಲಿ ಕೈಬಿಟ್ಟಿದ್ದ.

ಮುಂದಿನ ಭಾನುವಾರ ಆರಾಧನೆ ಮುಗಿದ ಮೇಲೆ ಅವನು ಸಭೆಯ ಮುಂದೆ ನಿಂತ. ಇನ್ನು ಮೇಲೆ ಪ್ರತಿ ಪಾತಿಗೂ ಸುತ್ತ ಬೇಲಿ. ಯಾರ ಪಾತಿಯೋ ಅವರದೇ ಬೆಳೆ, ಗುಡ್ಡೆ ಮಾಡುವುದಿಲ್ಲ, ಹಂಚುವುದಿಲ್ಲ. ಹಗ್ಗ, ಕೊಡ ಅವರವರದೇ. ನೀರು ಸೇದಲು ಒಂದೊಂದು ಮನೆಗೆ ಒಂದೊಂದು ಹೊತ್ತು, ಒಬ್ಬರು ಹೋದ ಮೇಲೆ ಇನ್ನೊಬ್ಬರು ಬರಬೇಕು. ಒಬ್ಬರ ಪಾತಿಗೆ ಇನ್ನೊಬ್ಬರು ಕಾಲಿಡಬಾರದು, ಬಾಯಿಯನ್ನೂ ಹಾಕಬಾರದು. ನೀರಿಲ್ಲದೆ ಒಣಗಿಸಿದವರ ಪಾತಿಯನ್ನು ಸಭೆ ಹಿಂದಕ್ಕೆ ತೆಗೆದುಕೊಳ್ಳುತ್ತದೆ. ಎಲ್ಲರೂ ಕೈ ಎತ್ತಿದರು. ಆ ಸಭೆ ಒಂದು ಮಾತಿಗೆ ಒಮ್ಮತದಿಂದ ಕೈ ಎತ್ತಿದ್ದು ಅದೇ ಮೊದಲು.

ಕೈ ಎತ್ತದೆ ಕೂತವಳು ತಬಿತಮ್ಮ ಒಬ್ಬಳೇ. "ಹಂಗಾರ ಇನ್ನ ಮ್ಯಾಲೆ ನಾ ಬದನಿಕಾಯಿ ಕೂಡ ಜಗಳಾಡ್ಬೇಕೇನು?" ಎಂದಳು. ಎಲ್ಲರೂ ನಕ್ಕರು. ಎಲೀಶಪ್ಪನೂ ನಕ್ಕ, ಅವನು ಆ ಚರ್ಚಿನೊಳಗೆ ನಕ್ಕು ಬಹಳ ದಿನವಾಗಿತ್ತು.

ಹೊಸ ಏರ್ಪಾಡು ಚೆನ್ನಾಗಿಯೇ ನಡೆಯಿತು. ಇದನ್ನು ಮುಚ್ಚಿಡುವುದು ಸರಿಯಲ್ಲ. ಪಾತಿಗಳು ಮೊದಲಿಗಿಂತ ಚೆನ್ನಾಗಿ ಬಂದವು, ಸುಗ್ಗಿ ಹಬ್ಬಕ್ಕೆ ದೇವರ ಮುಂದೆ ಇಟ್ಟ ಕಾಯಿಪಲ್ಯ ಕಂಡು ಬೇರೆ ಊರಿನ ಸಭೆಯವರು ತಲೆದೂಗಿದರು. ಬಾವಿಯ ಬಳಿ ರಾಟೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಎಲೀಶಪ್ಪನ ಗಿರಾಕಿಗಳು ತಿರುಗಿ ಬಂದರು. ತಬಿತಮ್ಮ ಮೊದಮೊದಲು ನಾಲ್ಕಾರು ದಿನ ಅಭ್ಯಾಸ ಬಲದಿಂದ ಓಣಿಯ ಮೂಲೆಯವರೆಗೆ ಬಂದಳು. ಹೇಳಲು ಏನೂ ಇಲ್ಲದೆ ಹಿಂತಿರುಗಿದಳು. ಆಮೇಲೆ ಅದನ್ನೂ ಬಿಟ್ಟಳು. ಎಲೀಶಪ್ಪ ಬಿಸಿಬಿಸಿ ಚಹಾ ಕುಡಿಯತೊಡಗಿದ. ಅವನು ಕೆಟ್ಟವನಲ್ಲ, ದಣಿದಿದ್ದ, ಅಷ್ಟೆ. ದಣಿದವನಿಗೆ ಒಂದು ಬಾಯಿ ಮುಚ್ಚಿತು ಎಂದರೆ ಒಂದು ಭಾರ ಇಳಿಯಿತು ಎಂದೇ ಅನಿಸುತ್ತದೆ.

ಬೇಸಗೆಯ ಒಂದು ಗುರುವಾರ ಬೆಳಿಗ್ಗೆ ತಬಿತಮ್ಮ ತನ್ನ ಮನೆಯ ಒಲೆಯ ಹತ್ತಿರ ಕಾಲು ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು. ಅವಳು ಕೂಗಿದಳು. ಆ ಹೊತ್ತಿಗೆ ಓಣಿಯಲ್ಲಿ ಯಾರೂ ಇರಲಿಲ್ಲ, ಜನ ಓಡಾಡುವ ಹೊತ್ತಿಗೆ ಅವಳ ದನಿ ಉಡುಗಿತ್ತು.

ಹಿಂದಿನ ದಿನಗಳಾಗಿದ್ದರೆ ಅವಳ ಬಾಯಿ ಅರ್ಧ ದಿನ ಕೇಳದಿದ್ದರೂ ಬಾವಿಯ ಕಟ್ಟೆಯ ಮೇಲೆ ಅದು ಸುದ್ದಿಯಾಗುತ್ತಿತ್ತು. ಲುದಿಯಮ್ಮನೇ ಹೋಗಿ ಬಾಗಿಲು ಬಡಿಯುತ್ತಿದ್ದಳು, ಹಿಂದಿನ ದಿನ ಅರ್ಧಕ್ಕೆ ನಿಂತ ಜಗಳ ಮುಗಿಸಲಿಕ್ಕಾದರೂ. ಈಗ ತಬಿತಮ್ಮನ ನೀರಿನ ಹೊತ್ತು ಬಂದು ಹೋಯಿತು, ಅವಳು ಬರಲಿಲ್ಲ. ಅದನ್ನು ನೋಡುವವರು ಯಾರು? ಅವಳಿಗಿಂತ ಮೊದಲಿನವರು ಹೋಗಿಯಾಗಿತ್ತು, ನಂತರದವರು ಇನ್ನೂ ಬಂದಿರಲಿಲ್ಲ. ಹಾಗೇ ಅಲ್ಲವೇ ನಿಯಮ.

ಶುಕ್ರವಾರ ಅವಳ ಮೆಂತ್ಯದ ಸೊಪ್ಪು ಬಾಡಿತು. ಆ ಸಂಜೆ ಎಲೀಶಪ್ಪನ ಹೆಂಡತಿ ಊಟಕ್ಕೆ ಬಡಿಸುತ್ತ, ಎರಡು ದಿನದಿಂದ ತಬಿತಕ್ಕನ ದನಿ ಎಲ್ಲೂ ಕೇಳಲಿಲ್ಲವಲ್ಲ, ಒಮ್ಮೆ ಹೋಗಿ ನೋಡಬಾರದೇ ಎಂದಳು. ಕೇಳದಿದ್ದರೆ ಒಳ್ಳೆಯದೇ ಆಯಿತು, ನೀನು ನೆನಪು ಮಾಡಬೇಡ ಎಂದು ಅವನು ರೊಟ್ಟಿ ಮುರಿದುಕೊಂಡ. ಶನಿವಾರ ಅವನು ತೋಟಕ್ಕೆ ಒಂದು ಸುತ್ತು ಹಾಕಿದಾಗ ಬದನೆಯ ಎಲೆಯೂ ಜೋತುಬಿದ್ದಿತ್ತು. ಅವನು ಬೇಲಿಯ ಹೊರಗೆ ನಿಂತು ನೋಡಿದ. ಮುದುಕಿಗೆ ಸಿಟ್ಟು ಬಂದಿದೆ, ತನ್ನ ಏರ್ಪಾಡನ್ನು ಕೆಡಿಸಲು ಬೇಕೆಂದೇ ಒಣಗಿಸುತ್ತಿದ್ದಾಳೆ ಎಂದುಕೊಂಡ. ಒಣಗಲಿ, ಬುದ್ಧಿ ಬರಲಿ ಎಂದುಕೊಂಡ. ಆ ಸಂಜೆಯ ಪ್ರಾರ್ಥನೆಯಲ್ಲಿ ಸಭೆಗೆ ಸಮಾಧಾನ ಕೊಟ್ಟದ್ದಕ್ಕಾಗಿ ದೇವರಿಗೆ ಸ್ತೋತ್ರ ಹೇಳಿದ. ಮನಃಪೂರ್ವಕವಾಗಿ ಹೇಳಿದ.

ಭಾನುವಾರ ಹೆಂಗಸರ ಕಡೆಯ ಸಾಲಿನಲ್ಲಿ ತಬಿತಮ್ಮನ ಜಾಗ ಖಾಲಿ ಇತ್ತು. ಆರಾಧನೆ ಮುಗಿದ ಮೇಲೆ ಎಲೀಶಪ್ಪ ತೋಟಕ್ಕೆ ಹೋದ. ಅದು ಲುದಿಯಮ್ಮನ ನೀರಿನ ಹೊತ್ತು, ಅವಳು ಕೊಡ ಇಳಿಸುತ್ತಿದ್ದಳು. ಪಕ್ಕದ ಪಾತಿ ಇಷ್ಟು ಒಣಗಿದೆ, ನಿನ್ನ ಕಣ್ಣಿಗೆ ಬೀಳಲಿಲ್ಲವೇ ಎಂದು ಅವನು ಕೇಳಿದ.

"ಶುಕ್ರವಾರನ ನೋಡಿದ್ನಿ, ಎಲೀಶಣ್ಣ," ಎಂದಳು ಲುದಿಯಮ್ಮ. "ಇನ್ನೊಬ್ಬರ ಪಾತಿಗೆ ಬಾಯಿ ಹಾಕಬ್ಯಾಡ್ರಿ ಅಂತ ನೀವ ಹೇಳಿದ್ರಲ್ಲ. ಸುಮ್ನಾದೆ."

ಅವಳು ಅದನ್ನು ಕೊಂಕಿನಿಂದ ಹೇಳಲಿಲ್ಲ. ತಾನು ಮಾತು ಉಳಿಸಿಕೊಂಡೆ ಎಂಬ ಸಮಾಧಾನದಿಂದ ಹೇಳಿದಳು. ಎಲೀಶಪ್ಪನಿಗೆ ಆಗಲೂ ಏನೂ ಹೊಳೆಯಲಿಲ್ಲ. ಒಣಗಿಸಿದವರ ಪಾತಿ ಹೋಗುತ್ತದೆ ಎಂಬ ನಿಯಮವನ್ನು ಮುಖದ ಮೇಲೆ ಹೇಳಿಬರಬೇಕೆಂದು ಅವನು ತಬಿತಮ್ಮನ ಮನೆಗೆ ನಡೆದ. ಬಾಗಿಲು ಬಡಿದ. ಉತ್ತರ ಬರಲಿಲ್ಲ. ಇನ್ನೊಮ್ಮೆ ಬಡಿದಾಗ ಒಳಗೆ ತಟ್ಟೆಯೊಂದು ನೆಲಕ್ಕೆ ತಾಗಿದ ಸಣ್ಣ ಸದ್ದಾಯಿತು. ಆಗ ಅವನಿಗೆ ಭಯವಾಯಿತು.

ಓಣಿಯವರನ್ನು ಕೂಗಿ, ಬಾಗಿಲು ಒದ್ದು ಒಳಗೆ ಹೋದರು. ತಬಿತಮ್ಮ ನೆಲದ ಮೇಲೆ ಬಿದ್ದಿದ್ದಳು. ತುಟಿ ಒಡೆದಿತ್ತು. ನೀರಿನ ಕೊಡ ಅವಳ ಕೈಗೆ ಎಟುಕದಷ್ಟು ದೂರದಲ್ಲಿತ್ತು. ಎಲೀಶಪ್ಪ ಪಕ್ಕದಲ್ಲಿ ಕೂತು ಅವಳ ಬಾಯಿಗೆ ನೀರು ಬಿಟ್ಟ. ಇನ್ನು ಇವಳು ಬಾಯಿಗೆ ಬಂದ ಹಾಗೆ ಬೈಯುತ್ತಾಳೆ ಎಂದು ಕಾದ. ಬೈಯಲಿ ಎಂದು ಅವನ ಜೀವ ಹಂಬಲಿಸಿತು.

"ಎಲೀಶಪ್ಪ, ನನ್ನ ಪಾತಿ ಒಣಗೇತೇನು?" ಎಂದು ಅವಳು ಕೇಳಿದಳು.

"ಒಣಗೇತಿ, ತಬಿತಕ್ಕ."

"ಹಂಗಾರ ಎಲ್ಲಾರೂ ನೋಡಿರ್ತಾರ," ಎಂದಳು. ಆ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ಕಣ್ಣು ಮುಚ್ಚಿಕೊಂಡಳು.

ಆಸ್ಪತ್ರೆಗೆ ಒಯ್ದರು. ಅಲ್ಲಿಂದ ಅವಳು ತಿರುಗಿ ಬರಲಿಲ್ಲ. ಮಣ್ಣು ಕೊಡುವಾಗ ಇಡೀ ಸಭೆ ಬಂದಿತ್ತು. ಲುದಿಯಮ್ಮ ಅತ್ತ ಹಾಗೆ ಒಡಹುಟ್ಟಿದವರೂ ಅಳಲಾರರು. ಮರುದಿನ ಎಲೀಶಪ್ಪ ಅಂಗಡಿ ತೆರೆಯಲಿಲ್ಲ. ತೋಟಕ್ಕೆ ಹೋಗಿ ಮುಳ್ಳಿನ ಬೇಲಿಯನ್ನು ತಾನೊಬ್ಬನೇ ಕಿತ್ತು ಹಾಕಿದ. ಅಂಗೈಯೆಲ್ಲ ಗೀಚಿ ರಕ್ತ ಬಂತು. ಯಾರೋ ಕೈಜೋಡಿಸಲು ಬಂದರೆ ಬೇಡ ಎಂದ.

ಇಷ್ಟು ಹೇಳಿ ಗುರುಗಳು ನೀರು ಕುಡಿದರು. ಶಿಷ್ಯ, "ಆಮೇಲೆ ತೋಟ ಮೊದಲಿನ ಹಾಗಾಯಿತೇ?" ಎಂದು ಕೇಳಿದ.

ಆಗಲಿಲ್ಲ, ಎಂದು ಗುರುಗಳು ಮುಂದುವರಿಸಿದರು. ಬೇಲಿ ಹೋಯಿತು, ಶನಿವಾರದ ಗುಡ್ಡೆಗಳು ತಿರುಗಿ ಬಂದವು. ಆದರೆ ಜನರು ಬಾವಿಯ ಹತ್ತಿರ ಎದುರಾದರೆ ಮೊದಲು ನೀವು ಸೇದಿ, ಇಲ್ಲ ನೀವು ಸೇದಿ ಎಂದು ಸರಿದು ನಿಲ್ಲುತ್ತಿದ್ದರು. ಹುಳುಕು ಕಾಯಿ ಬಂದವರು ಮಾತಿಲ್ಲದೆ ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು. ಒಬ್ಬರನ್ನು ಒಬ್ಬರು ಬೈಯುವಷ್ಟು ಸಲಿಗೆ ಅವರಲ್ಲಿ ಉಳಿದಿರಲಿಲ್ಲ. ಎಲೀಶಪ್ಪ ಬೆಳಿಗ್ಗೆ ಚಹಾ ಎದುರಿಗಿಟ್ಟುಕೊಂಡು ಓಣಿಯ ಕಡೆ ಕಿವಿಗೊಟ್ಟು ಕೂರುತ್ತಿದ್ದ. ಯಾರೂ ಬರುತ್ತಿರಲಿಲ್ಲ. ಯಂತ್ರ ತುಳಿಯುತ್ತಿದ್ದ, ಬಟ್ಟೆ ಹೊಲಿಯುತ್ತಿದ್ದ. ಮೊದಲು ಅವನ ದಣಿವು ರಾತ್ರಿ ಮಲಗಿದರೆ ಹೋಗುತ್ತಿತ್ತು. ಈಗಿನದು ಮಲಗಿದರೂ ಹೋಗುತ್ತಿರಲಿಲ್ಲ.

ಶಿಷ್ಯನಿಗೆ ಕತೆ ಪೂರ್ತಿ ಒಪ್ಪಿಗೆಯಾದಂತೆ ಕಾಣಲಿಲ್ಲ. ಹಾಗಾದರೆ ಜಗಳವೇ ಒಳ್ಳೆಯದು ಎನ್ನುತ್ತೀರಾ ಎಂದು ಕೇಳಿದ.

ಜಗಳ ಯಾರಿಗೆ ಬೇಕು, ಅದರಿಂದ ತಲೆ ಸಿಡಿಯುತ್ತದೆ, ನನಗೂ ಸಿಡಿದಿದೆ, ಎಂದರು ಗುರುಗಳು. ಆಮೇಲೆ ಅವನ ಮುಖ ನೋಡಿ ಕೇಳಿದರು:

"ನಿನ್ನ ಸಭೆಯಲ್ಲಿ ಈಚೆಗೆ ಜಗಳ ಆಡುವುದನ್ನು ಬಿಟ್ಟವರು ಯಾರು, ಅವರ ಬಾಗಿಲು ಬಡಿದು ಬಂದೆಯಾ?"