ಬೆನ್ನಿಗೆ ತೂಗಿದ ತಮಟೆ

"ಅಮ್ಮ, ಪಾಠಕ್ಕೆ ಮುಂಚೆ ನಾನು ಆಡಿಸುವ ಐದು ನಿಮಿಷದ ಆಟ ಬೇಕೋ ಬೇಡವೋ? ಇವತ್ತು ಹೇಳಿಬಿಡಿ."

ವಿನುತ ಆರನೆಯ ತರಗತಿಗೆ ಇಂಗ್ಲಿಷ್ ಕಲಿಸಲು ಸೇರಿ ನಾಲ್ಕು ತಿಂಗಳಾಗಿತ್ತು. ಅವಳು ಕೇಳಿದ್ದು ತನ್ನ ಗುರು ಪುಟ್ಟನಂಜಮ್ಮನವರನ್ನು. ಮೂವತ್ತು ವರ್ಷ ಅದೇ ಪಾಠ ಹೇಳಿ ನಿವೃತ್ತರಾದವರು. ಅವರು ಜಗಲಿಯಲ್ಲಿ ಕುಳಿತು ಅವರೆಕಾಯಿ ಬಿಡಿಸುತ್ತಿದ್ದರು.

"ಬೇಡ ಅಂದವರು ಯಾರು?"

"ಹೆಡ್‌ಮಾಸ್ಟರು. 'ಏನಮ್ಮ, ಇದು ಇಂಗ್ಲಿಷ್ ಪೀರಿಯಡ್ಡೋ ಡ್ರಿಲ್ ಪೀರಿಯಡ್ಡೋ' ಅಂತ ಎಲ್ಲರೆದುರಿಗೇ ಕೇಳಿದರು. ನಾಳೆ ನನ್ನ ಕ್ಲಾಸಿಗೆ ಬಂದು ಕೂರುತ್ತಾರಂತೆ. ಮಕ್ಕಳು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡದಿದ್ದರೆ ಆಟಕ್ಕೆ ಮಂಗಳ. ಆಮೇಲೆ ಮೊದಲಿನ ಹಾಗೆ ಬೋರ್ಡು ನೋಡಿ ಪ್ರಶ್ನೋತ್ತರ ಬರೆದುಕೊಳ್ಳುವುದು, ಅಷ್ಟೇ."

"ಮಕ್ಕಳಿಗೆ ಆಟ ಇಷ್ಟವೋ?"

"ಪ್ರಾಣ! ನಾನು ಇಂಗ್ಲಿಷ್ ಹಾಡು ಹೇಳುತ್ತೇನೆ, ಆನೆಯ ಹಾಗೆ ನಡೆದು ತೋರಿಸುತ್ತೇನೆ. ಪಾಠದ ನಡುವೆ ಮಕ್ಕಳು ತೂಕಡಿಸಿದರೆ ಎರಡು ನಿಮಿಷ ಇನ್ನೊಂದು ಆಟ. ಬಿದ್ದು ಬಿದ್ದು ನಗುತ್ತಾರೆ. ಆದರೆ ಪುಸ್ತಕ ತೆಗೆದರೆ ಸಾಕು, ಎಲ್ಲರ ಬಾಯಿಗೂ ಬೀಗ. ಹೆಡ್‌ಮಾಸ್ಟರು ಹೇಳುವುದೇ ನಿಜವೇನೋ ಅನ್ನಿಸುತ್ತದೆ."

ಪುಟ್ಟನಂಜಮ್ಮ ಅವಳ ಮುಂದೆ ಮೊರದಲ್ಲಿ ಒಂದು ಹಿಡಿ ಕಾಯಿ ಸುರಿದರು. "ಕೈ ಸುಮ್ಮನಿರಿಸಬೇಡ. ಬಿಡಿಸುತ್ತಾ ಕೇಳು," ಎಂದು ಕತೆ ಶುರುಮಾಡಿದರು.

ಒಂದು ಪೇಟೆಯಲ್ಲಿ ಒಬ್ಬ ವ್ಯಾಪಾರಿ ಬಟ್ಟೆ ಅಂಗಡಿ ತೆರೆದ. ಜನರನ್ನು ಸೇರಿಸಲು ಇಬ್ಬರು ತಮಟೆಯವರನ್ನು ಕರೆಸಿದ. ಒಬ್ಬ ಮಾವ, ಇನ್ನೊಬ್ಬ ಅಳಿಯ. ಮಾವ ಹಳೆಯ ಕೈ. ಅಳಿಯನಿಗೆ ಮದುವೆಯಾಗಿ ತಿಂಗಳಾಗಿತ್ತು. ಹೆಂಡತಿಯ ಊರಿನವರ ಎದುರು ಅವನು ಬಾರಿಸುವುದು ಅದೇ ಮೊದಲು.

ವ್ಯಾಪಾರಿ ಮೊದಲೇ ಹೇಳಿದ್ದ: "ಪೇಟೆ ನನ್ನ ಬಾಗಿಲಿಗೆ ತಿರುಗಬೇಕು. ಇಲ್ಲದಿದ್ದರೆ ಮುಂದಿನ ಸಲ ಬ್ಯಾಂಡ್‌ಸೆಟ್ಟಿನವರನ್ನು ಕರೆಸುತ್ತೇನೆ."

ಅದು ಮಾಗಿಯ ಬೆಳಿಗ್ಗೆ. ಚಳಿಗೆ ತಮಟೆಯ ಚರ್ಮ ಸಡಿಲವಾಗುತ್ತದೆ. ಹುಲ್ಲಿನ ಉರಿಗೆ ಹಿಡಿದು ಕಾಯಿಸಿದರೆ ಬಿಗಿಯಾಗಿ ನಾದ ಕೊಡುತ್ತದೆ. ಮಾವ ಕಾಫಿ ಕುಡಿದು ಬರುತ್ತೇನೆಂದು ಹೋದ. ಅಳಿಯ ತಮಟೆಯನ್ನು ಬೆನ್ನಿಗೆ ತೂಗಿಹಾಕಿಕೊಂಡು ಹುಲ್ಲು ಒಟ್ಟಿ ಬೆಂಕಿ ಹಚ್ಚಿದ.

"ಬಾರಿಸಲು ಕರೆದರೆ ಹುಲ್ಲು ಸುಡುತ್ತಾ ನಿಂತೆಯಲ್ಲೋ!" ಎಂದ ವ್ಯಾಪಾರಿ.

"ಕಾಯಿಸದೆ ಬಾರಿಸುವುದುಂಟೇ ಸ್ವಾಮಿ," ಎಂದ ಅಳಿಯ.

ಉರಿ ಎದ್ದಿತು. ಸೊಪ್ಪು ಮಾರುವವರು, ಹಾಲಿನವರು, ಶಾಲೆಗೆ ಹೊರಟವರು ಬೆಂಕಿಯ ಸುತ್ತ ಸೇರಿದರು. ಜನ ಸೇರಿದ್ದು ನೋಡಿ ಅಳಿಯನಿಗೆ ಹುರುಪು ಬಂತು. ಅಂಗೈ ಕಾಯಿಸಿಕೊಂಡು ಹಾಡು ಹೇಳಿದ. ನಾಲ್ಕು ಹೆಜ್ಜೆ ಕುಣಿದ. ಜನ ಚಪ್ಪಾಳೆ ತಟ್ಟಿದರು. ಅವನು ಇನ್ನಷ್ಟು ಹುಲ್ಲು ಹಾಕಿದ, ಇನ್ನಷ್ಟು ಕುಣಿದ. ಹುಲ್ಲು ಮುಗಿಯುತ್ತಾ ಬಂದಾಗ ತಮಟೆಯನ್ನು ಬೆನ್ನಿನಿಂದ ಎದೆಗೆ ತಿರುಗಿಸಿ ಗತ್ತಿನಿಂದ ಒಂದು ಪೆಟ್ಟು ಹಾಕಿದ.

ದೊಬ್.

ಇನ್ನೊಂದು ಹಾಕಿದ. ದೊಬ್.

"ಏನಪ್ಪಾ, ಕಂಬಳಿ ಕೊಡವುತ್ತಿದ್ದೀಯಾ?" ಎಂದಳು ಸೊಪ್ಪಿನವಳು. ಜನ ನಗುತ್ತಾ ಚದುರಿದರು.

"ಬೆಂಕಿ ದಂಡ ಅಂತ ನಾನು ಆಗಲೇ ಹೇಳಲಿಲ್ಲವೇ?" ಎಂದ ವ್ಯಾಪಾರಿ.

ಅಳಿಯನ ಮುಖ ಸಣ್ಣದಾಯಿತು. ಅವನಿಗೂ ದಂಡವೆಂದೇ ತೋರಿತು. ಅಷ್ಟರಲ್ಲಿ ಮಾವ ಬಾಯಿ ಒರೆಸಿಕೊಳ್ಳುತ್ತಾ ಬಂದ. ಯಾರನ್ನೂ ಏನೂ ಕೇಳಲಿಲ್ಲ. ಅಳಿಯನ ತಮಟೆಯ ಚರ್ಮವನ್ನು ಒಮ್ಮೆ ಮುಟ್ಟಿದ, ಅವನ ಅಂಗೈಯನ್ನು ಒಮ್ಮೆ ಮುಟ್ಟಿದ. ನಕ್ಕುಬಿಟ್ಟ.

"ಅಳಿಯಂದಿರೇ, ತಾವು ಚೆನ್ನಾಗಿ ಕಾದಿದ್ದೀರಿ. ತಮ್ಮನ್ನೇ ಬಾರಿಸೋಣವೇ?"

ನೆಲದಲ್ಲಿ ಚೆಲ್ಲಿದ್ದ ಹುಲ್ಲು ಬಾಚಿದ. ಸಿಕ್ಕಿದ್ದು ಒಂದೇ ಹಿಡಿ. ಹಚ್ಚಿ, ತಮಟೆಯ ಮುಖವನ್ನು ಉರಿಗೆ ಹಿಡಿದು, ಸುತ್ತ ತಿರುಗಿಸಿದ. ಬೆರಳಿನಿಂದ ಚಿಮ್ಮಿ ಕಿವಿಗೊಟ್ಟ. ಮತ್ತೆ ತಿರುಗಿಸಿದ. ಹುಲ್ಲು ಬೂದಿಯಾಗುವ ಹೊತ್ತಿಗೆ ತಮಟೆ ಠಣ್ ಎಂದಿತು. ಅದನ್ನು ಅಳಿಯನ ಕೈಗೇ ಕೊಟ್ಟು, "ಈಗ ಹೊಡಿ," ಎಂದ.

ಅಳಿಯ ಹೊಡೆದ. ಚದುರಿದವರು ತಿರುಗಿದರು. ಬೀದಿಯ ಕೊನೆಯ ಅಂಗಡಿಯವನು ತಕ್ಕಡಿ ಬಿಟ್ಟು ಹೊರಗೆ ಬಂದ.

ಗಳಿಗೆ ಕಳೆದ ಮೇಲೆ ನಾದ ಇಳಿಯಿತು. ಮಾವ ಅವನನ್ನು ಬದಿಗೆ ಕರೆದು ಇನ್ನೊಂದು ಹಿಡಿ ಹುಲ್ಲಿನಲ್ಲಿ ಕಾಯಿಸಿ ಕಳುಹಿಸಿದ. ಹೆಚ್ಚು ಕಾಯಿಸಲು ಬಿಡಲಿಲ್ಲ. ಹೆಚ್ಚಾದರೆ ಚರ್ಮ ಬಿರಿಯುತ್ತದೆ. ಮಧ್ಯಾಹ್ನದ ಹೊತ್ತಿಗೆ ವ್ಯಾಪಾರಿ ತಾನೇ ಎಲ್ಲಿಂದಲೋ ಒಂದು ಹೊರೆ ಹುಲ್ಲು ತರಿಸಿ ಬಾಗಿಲಲ್ಲಿ ಇಟ್ಟಿದ್ದ.

ಕತೆ ಮುಗಿಯಿತು. ವಿನುತ ಗೆಲುವಾಗಿ ನಕ್ಕಳು. ಮೊರದಲ್ಲಿ ಅವಳ ಪಾಲಿನ ಕಾಯಿ ಹಾಗೇ ಉಳಿದಿತ್ತು. ಸೆರಗು ಕೊಡವಿಕೊಂಡು ಎದ್ದಳು.

"ಗೊತ್ತಾಯಿತಮ್ಮ. ಕಾಯಿಸುವುದು ದಂಡವಲ್ಲ. ಆಟ ಬಿಡುವುದಿಲ್ಲ. ನಾಳೆ ಹೆಡ್‌ಮಾಸ್ಟರಿಗೆ ಈ ಕತೆಯನ್ನೇ ಹೇಳುತ್ತೇನೆ, ಅವರೇ ಹುಲ್ಲು ತಂದುಕೊಡಲಿ!"

ಪುಟ್ಟನಂಜಮ್ಮ ತಲೆಯೆತ್ತಲಿಲ್ಲ.

"ಹೇಳು ಮಗಳೇ, ಆ ಐದು ನಿಮಿಷದಲ್ಲಿ ಇಂಗ್ಲಿಷ್ ಮಾತಾಡುವವರು ಯಾರು?"

"ನಾನೊಬ್ಬಳೇ," ಎಂದಳು ವಿನುತ. ಮತ್ತೆ ಕುಳಿತು ಮೊರವನ್ನು ಹತ್ತಿರ ಎಳೆದುಕೊಂಡಳು.